ಮಗಳು ಓಡುವುದನ್ನು ಬಿಟ್ಟಿದ್ದು ಯಾವಾಗ?

ಹೋದ ದಸರಾ ರಜೆಯಲ್ಲಿ ಕಮಲಾಪುರದ ನಮ್ಮ ಮನೆಯ ಕಬ್ಬಿಣದ ಟ್ರಂಕು ತೆರೆದೆವು. ಚಳಿಗಾಲಕ್ಕೆ ಕೌದಿ ಹೊರಗೆ ತೆಗೆದು ಬಿಸಿಲಿಗೆ ಹಾಕಬೇಕಿತ್ತು. ಕೌದಿಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಒಂದು ಪ್ರಮಾಣಪತ್ರ. ನಮ್ಮ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ 200 ಮೀಟರ್ ಓಟದಲ್ಲಿ ಎರಡನೇ ಸ್ಥಾನ ಪಡೆದದ್ದು.

ಅವಳ ತಮ್ಮನಿಗೆ ಈಗ ಒಂಬತ್ತು ವರ್ಷ. ಅವನು ಅದನ್ನು ಕೈಗೆ ತಗೊಂಡು ಓದಿ ಕೇಳಿದ: "ಅಕ್ಕ ಓಡ್ತಿದ್ಳಾ?"

ಎರಡೇ ವರ್ಷದ ಹಿಂದಿನ ಮಾತು. ಆದರೆ ಅವನಿಗೆ ನೆನಪಿಲ್ಲ. ಅವನಿಗೆ ಗೊತ್ತಿರುವ ಅಕ್ಕ ಮೂಲೆಯಲ್ಲಿ ಕೂತು ಓದುವವಳು, ಫೋನ್ ನೋಡುವವಳು, ಆಯಿಯ ಜೊತೆ ರೊಟ್ಟಿ ಬಡಿಯುವವಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಓಡುವುದನ್ನು ಬಿಟ್ಟಿದ್ದು ಯಾವಾಗ? ಹೆತ್ತವರಾದ ನಮಗೇ ಗೊತ್ತಿರಲಿಲ್ಲ.

ಅವತ್ತಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ. ಇಂಥದ್ದು ನಿಮ್ಮ ಮನೆಯಲ್ಲೂ ನಡೆದಿರಬಹುದು.

ಮೊದಲು ನಮ್ಮ ಬಗ್ಗೆ ಎರಡು ಮಾತು. ನಾವು ಗಂಡ ಹೆಂಡತಿ, ಕಲಬುರಗಿ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಒಬ್ಬರದು ಔಷಧಿ ಅಂಗಡಿಯಲ್ಲಿ ಕೆಲಸ, ಇನ್ನೊಬ್ಬರದು ಸಣ್ಣ ಶಾಲೆಯಲ್ಲಿ ಪಾಠ. ಊರು ಕಮಲಾಪುರ, ಹುಮನಾಬಾದ್ ರಸ್ತೆಯಲ್ಲಿ ಸುಮಾರು ಒಂದು ತಾಸಿನ ದಾರಿ. ಮುತ್ಯಾ, ಆಯಿ ಅಲ್ಲೇ ಇರುತ್ತಾರೆ. ಶನಿವಾರ ಮಧ್ಯಾಹ್ನ ಬಸ್ ಹತ್ತಿ ಹೋಗುತ್ತೇವೆ, ಭಾನುವಾರ ಸಂಜೆ ವಾಪಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವ್ವ ಮಗಳಿಗೆ ಟಿಕೆಟ್ ಇಲ್ಲ, ಅಪ್ಪ ಮಗನಿಗೆ ಮಾತ್ರ ಇದೆ. ಇದರ ಮೇಲೆ ಬಸ್ಸಿನಲ್ಲಿ ಪ್ರತಿ ವಾರ ಒಂದು ಚೇಷ್ಟೆ ನಡೆಯುತ್ತದೆ.

ನಾವು ಕ್ರೈಸ್ತರು. ಬೀದರ್, ಕಲಬುರಗಿ ಸೀಮೆಯ ಹಲವು ಹಳ್ಳಿಗಳಲ್ಲಿ ನಮ್ಮಂಥ ಕುಟುಂಬಗಳಿವೆ. ಮನೆಯಲ್ಲಿ ಎಲ್ಲರಂತೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕ್ರಿಸ್‌ಮಸ್‌ಗೆ ಕೇಕ್ ಇರುತ್ತದೆ, ಆದರೆ ಆಯಿ ಕರ್ಚಿಕಾಯಿ ಮಾಡದಿದ್ದರೆ ಅದು ಹಬ್ಬವೇ ಅಲ್ಲ. ಭಾನುವಾರ ಸಭೆಗೆ ಹೋಗುತ್ತೇವೆ, ರಾತ್ರಿ ಮಲಗುವ ಮೊದಲು ಕೂತು ಪ್ರಾರ್ಥನೆ ಮಾಡುತ್ತೇವೆ. ಇದು ಧರ್ಮ ಹೇಳುವ ಬರಹವಲ್ಲ. ಆದರೆ ಮಗಳ ಕಥೆಯಲ್ಲಿ ನಮ್ಮ ನಂಬಿಕೆಯ ಪಾಲೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಅವತ್ತು ರಾತ್ರಿ ಊಟ ಆದ ಮೇಲೆ ಅವಳನ್ನೇ ಕೇಳಿದೆವು. "ಯಾಕ ಬಿಟ್ಟಿ? ನಾವು ಬ್ಯಾಡ ಅಂದಿದ್ವೇನು?"

ಅವಳು ತಲೆ ಎತ್ತದೆ ಹೇಳಿದಳು: "ಯಾರೂ ಬ್ಯಾಡ ಅಂದಿಲ್ಲ. ಹೋಗು ಅಂತ ಭೀ ಯಾರೂ ಅಂದಿಲ್ಲ."

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮಾತು ಹೊರಗೆ ಬಂತು. ಅವಳು ಹೇಳಿದ್ದು, ನಾವೇ ನೆನಪು ಮಾಡಿಕೊಂಡದ್ದು ಸೇರಿಸಿ ನೋಡಿದರೆ ಒಂದು ದೊಡ್ಡ ಕಾರಣ ಅಂತ ಇಲ್ಲ. ಸಣ್ಣ ಸಣ್ಣ ಕಾರಣಗಳ ಸಾಲು ಇದೆ.

ಮೊದಲನೆಯದು ಬೂಟು. ಏಳನೇ ಕ್ಲಾಸಿನಲ್ಲಿ ಕೊಡಿಸಿದ ಓಟದ ಬೂಟು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಬಿಗಿಯಾಯಿತು. ಹೊಸದು ಕೊಡಿಸಲಿಲ್ಲ. ದುಡ್ಡು ಇರಲಿಲ್ಲ ಅಂತಲ್ಲ. ಅದೇ ವರ್ಷ ಮಗನಿಗೆ ಕ್ರಿಕೆಟ್ ಬ್ಯಾಟು ಕೊಡಿಸಿದ್ದೇವೆ. ಮಗಳು ಕೇಳಲಿಲ್ಲ, ನಮಗೆ ಹೊಳೆಯಲಿಲ್ಲ. ಅವನು ಅತ್ತು ಕೇಳಿದ, ಅವನಿಗೆ ಸಿಕ್ಕಿತು. ಅತ್ತು ಕೇಳಬಾರದು ಅಂತ ಮಗಳಿಗೆ ಕಲಿಸಿದವರೂ ನಾವೇ.

ಎರಡನೆಯದು ಬಟ್ಟೆ. ಓಡುವಾಗ ಹಾಕುವ ಅರ್ಧ ಚಡ್ಡಿ ನೋಡಿ ನಮ್ಮ ಸಂಬಂಧಿಕರೊಬ್ಬರು, "ಪೋರಿ ದೊಡ್ಡಾಕಿ ಆಗ್ಲಕತ್ತಾಳ, ಇನ್ನು ಸಾಕು" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾವು ಎದುರು ಮಾತಾಡಲಿಲ್ಲ, ಸುಮ್ಮನೆ ನಕ್ಕೆವು. ಮಗಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಅವಳ ಪಾಲಿಗೆ ನಮ್ಮ ನಗುವೇ ತೀರ್ಪು.

ಮೂರನೆಯದು ಬಿಸಿಲು. ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ 42, 43 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನದಲ್ಲಿ ಯಾರೂ ಓಡಬಾರದು, ಅದು ಸರಿ. ಆದರೆ ಬೆಳಿಗ್ಗೆ ಆರು ಗಂಟೆಗೆ ಹೋಗುವವಳಿಗೂ "ಕಪ್ಪಾಗ್ತೀ" ಅಂದದ್ದು ನಮ್ಮ ಮನೆಯ ಮಂದಿಯೇ. ಮಗನಿಗೆ ಈ ಮಾತು ಯಾರೂ ಒಂದು ದಿನವೂ ಹೇಳಿಲ್ಲ. ಅವನು ಮೂರು ಹೊತ್ತೂ ಬಿಸಿಲಿನಲ್ಲೇ ಇರುತ್ತಾನೆ.

ನಾಲ್ಕನೆಯದು ಭಾನುವಾರ. ಇದು ನಮ್ಮ ನಂಬಿಕೆಗೆ ಹತ್ತಿದ ಮಾತು. ಎಂಟನೇ ಕ್ಲಾಸಿನಲ್ಲಿ ಶಾಲೆಯ ಪಿ.ಟಿ. ಮಾಸ್ತರು ಭಾನುವಾರ ಬೆಳಿಗ್ಗೆ ಅಭ್ಯಾಸ ಇಟ್ಟರು. ಸಭೆ ಇರುವುದೂ ಭಾನುವಾರವೇ. ನಾವು ಯೋಚನೆಯನ್ನೇ ಮಾಡದೆ "ಆಗೂದಿಲ್ಲ" ಅಂದುಬಿಟ್ಟೆವು. ಮಾಸ್ತರನ್ನು ಭೇಟಿಯಾಗಿ ಸಮಯ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಅಭ್ಯಾಸ ಆರರಿಂದ ಏಳೂವರೆಯವರೆಗೆ ಮಾತ್ರ ಇತ್ತು. ಸಭೆ ಶುರುವಾಗುವುದು ಹತ್ತು ಗಂಟೆಗೆ. ನಡುವೆ ಎರಡೂವರೆ ತಾಸು ಇತ್ತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ.

ನಮ್ಮ ಸಭೆಗಳಲ್ಲಿ ಭಾನುವಾರದ ವಿಷಯ ಬಂದರೆ ಎರಿಕ್ ಲಿಡೆಲ್ ಕಥೆ ಹೇಳುತ್ತಾರೆ. ಸ್ಕಾಟ್ಲೆಂಡಿನ ಓಟಗಾರ, ಮಿಷನರಿ ತಂದೆ ತಾಯಿಗೆ ಚೀನಾದಲ್ಲಿ ಹುಟ್ಟಿದವನು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಂತು ಅಂತ ಅದನ್ನು ಬಿಟ್ಟುಕೊಟ್ಟ. ಅದು ಅವನು ಬಹಳ ಚೆನ್ನಾಗಿ ಓಡುತ್ತಿದ್ದ ಓಟ. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಕಥೆ ಕೇಳಿ ನಾವೆಲ್ಲ ತಲೆದೂಗುತ್ತೇವೆ.

ಆದರೆ ಈ ಕಥೆಯ ಅರ್ಧವನ್ನು ನಾವು ಕೇಳಿಸಿಕೊಳ್ಳುವುದಿಲ್ಲ. ಲಿಡೆಲ್ ಒಂದು ದಿನ ಓಡಲಿಲ್ಲ, ಉಳಿದ ಆರು ದಿನ ಓಡಿದ. ಅದೂ ಬೇರೆ ಯಾರೋ ಅವನ ಮೇಲೆ ಹೇರಿದ ನಿರ್ಧಾರ ಆಗಿರಲಿಲ್ಲ, ಅವನದೇ ಆಗಿತ್ತು. ನಮ್ಮ ಮಗಳ ವಿಷಯದಲ್ಲಿ ಭಾನುವಾರದ ನೆಪದಲ್ಲಿ ಏಳೂ ದಿನ ನಿಂತುಹೋಯಿತು, ನಿರ್ಧಾರ ಮಾಡಿದವರು ನಾವು. ದೇವರ ಹೆಸರು ಹೇಳಿದೆವು. ಒಳಗೆ ಇದ್ದದ್ದು ನಮ್ಮ ಸೋಮಾರಿತನ.

ಐದನೆಯದು ಹೇಳುವುದು ಸ್ವಲ್ಪ ಕಷ್ಟ. 2015ರಿಂದ ಪ್ರತಿ ವರ್ಷ ಜೂನ್ 21ಕ್ಕೆ ಶಾಲೆಗಳಲ್ಲಿ ಯೋಗ ದಿನ ನಡೆಯುತ್ತದೆ. ನಮ್ಮ ಕಡೆ ಕೆಲವು ತಂದೆ ತಾಯಿಗಳಿಗೆ, ನಮ್ಮ ಮಕ್ಕಳು ಸೂರ್ಯ ನಮಸ್ಕಾರ ಮಾಡಬಹುದಾ ಬಾರದಾ ಅಂತ ಪ್ರಶ್ನೆ. ನಾವೂ ಹೆದರಿ ಮಗಳಿಗೆ, "ಮೈ ಸರಿ ಇಲ್ಲಾ ಅಂತ ಹೇಳಿ ಕೂಡು" ಅಂದೆವು. ಅವಳು ಮೈದಾನದ ಅಂಚಿನಲ್ಲಿ ಕೂತಳು. ಒಬ್ಬಳು ಓಟಗಾರ್ತಿ ಗಟ್ಟಿಮುಟ್ಟಾಗಿದ್ದೂ ಮೈ ಸರಿ ಇಲ್ಲ ಅಂತ ಸುಳ್ಳು ಹೇಳಿ ಕೂತಳು.

ಈಗ ಯೋಚಿಸಿದರೆ ನಾಚಿಕೆ ಆಗುತ್ತದೆ. ಕೈಕಾಲು ಬಾಗಿಸುವುದು, ಉಸಿರು ಎಳೆದು ಬಿಡುವುದು ಯಾವ ಧರ್ಮದ ಸ್ವತ್ತೂ ಅಲ್ಲ. ಮಂತ್ರ ಹೇಳುವ ಹೊತ್ತಿಗೆ ನಮ್ಮ ಮಗು ಸುಮ್ಮನೆ ಗೌರವದಿಂದ ನಿಂತರೆ ಆಯಿತು. ಈ ಮಾತನ್ನು ಮಾಸ್ತರಿಗೆ ನೇರವಾಗಿ, ನಯವಾಗಿ ಹೇಳಬಹುದಿತ್ತು. ನಮ್ಮ ಮನಸ್ಸಿಗೆ ಒಪ್ಪದೆ ಇರುವುದನ್ನು ಮಾಡದೆ ಇರುವ ಹಕ್ಕು ನಮಗಿದೆ. ಆದರೆ ಅದನ್ನು ಹೇಳುವ ಧೈರ್ಯ ನಮಗೆ ಇಲ್ಲದೆ ಮಗಳ ಬಾಯಲ್ಲಿ ಸುಳ್ಳು ಇಟ್ಟದ್ದು ಯಾವ ನಂಬಿಕೆಗೂ ಒಪ್ಪುವ ಕೆಲಸವಲ್ಲ.

ಸಭೆಯಲ್ಲಿ ದೇಹದ ಬಗ್ಗೆ ಪ್ರಸಂಗ ಆಗುತ್ತಲೇ ಇರುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೇ ಅಧ್ಯಾಯದಲ್ಲಿ ನಮ್ಮ ದೇಹವನ್ನು ದೇವರು ವಾಸ ಮಾಡುವ ಗುಡಿಗೆ ಹೋಲಿಸಿದ್ದಾನೆ. ನಮ್ಮ ಸೀಮೆಯವರಿಗೆ ಇದು ಹೊಸ ಮಾತೇ ಅಲ್ಲ, ಬಸವಣ್ಣನವರೂ ದೇಹದಲ್ಲೇ ಗುಡಿಯನ್ನು ಕಂಡವರು. ಆದರೆ ಪೌಲನ ಈ ಮಾತಿನಿಂದ ನಾವು ತೆಗೆಯುವ ಪಾಠ ಯಾವುದು? ಸೆರೆ ಕುಡಿಯಬೇಡ, ಗುಟ್ಕಾ ತಿನ್ನಬೇಡ, ಬೀಡಿ ಸೇದಬೇಡ. ಎಲ್ಲ ಬೇಡಗಳೇ. ಅವೆಲ್ಲ ಸರಿಯೇ. ಆದರೆ ಗುಡಿ ಅಂದರೆ ಬೀಗ ಹಾಕಿ ಇಡುವುದಲ್ಲವಲ್ಲ. ದಿನಾ ಬಾಗಿಲು ತೆರೆದು, ಕಸ ಗುಡಿಸಿ, ದೀಪ ಹಚ್ಚಿದರೆ ತಾನೇ ಗುಡಿ. ದೇಹವನ್ನು ಚೆನ್ನಾಗಿ ಬಳಸು, ಓಡು, ಆಡು, ಬೆವರು ಅಂತ ಪ್ರಸಂಗದಲ್ಲಿ ಹೇಳಿದ್ದನ್ನು ನಾವು ಕೇಳಿಲ್ಲ. ಮನೆಯಲ್ಲಿ ನಾವೂ ಹೇಳಿಲ್ಲ.

ಮುತ್ಯಾನ ವಿಷಯ ಇದಕ್ಕೆ ಸೇರಿಸಬೇಕು. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದದ್ದು ಕಾಲಿನ ಗಾಯ ತಿಂಗಳಾದರೂ ಒಣಗದೆ ಇದ್ದಾಗ. ಅಲ್ಲಿಯವರೆಗೆ ಯಾರೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಹೊಲದಲ್ಲಿ ದುಡಿಯುವವರೆಗೆ ಮೈ ಗಟ್ಟಿ ಇತ್ತು. ಹೊಲ ಪಾಲಿಗೆ ಕೊಟ್ಟು ಕಟ್ಟೆಯ ಮೇಲೆ ಕೂತ ನಾಲ್ಕೈದು ವರ್ಷದಲ್ಲಿ ಹೊಟ್ಟೆ ಬಂತು. ಐ.ಸಿ.ಎಂ.ಆರ್. ಸಂಸ್ಥೆಯ ನೆರವಿನಲ್ಲಿ ದೇಶದ ಎಲ್ಲ ಕಡೆ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅದು ಅಂದಾಜು ಮಾಡಿತು. ಇದು ಪೇಟೆಯವರ ಕಾಯಿಲೆ ಅಂತ ಈಗ ಹೇಳಲು ಬರುವುದಿಲ್ಲ.

ಔಷಧಿ ಅಂಗಡಿಯಲ್ಲಿ ನಿಂತರೆ ಇದು ದಿನಾ ಕಣ್ಣಿಗೆ ಬೀಳುತ್ತದೆ. ಹಳ್ಳಿಗಳಿಂದ ಬಂದವರು ಸಕ್ಕರೆ, ಬಿ.ಪಿ. ಮಾತ್ರೆ ಕಟ್ಟಿಸಿಕೊಂಡು ಹೋಗುತ್ತಾರೆ. ನಲವತ್ತು ದಾಟದವರೂ ಇರುತ್ತಾರೆ. ಮಾತ್ರೆ ತಪ್ಪಿಸಬಾರದು, ಡಾಕ್ಟರ್ ಹೇಳಿದಂತೆ ತಗೊಳ್ಳಬೇಕು. ಆದರೆ ಮಾತ್ರೆಯ ಜೊತೆಗೆ ನಡೆಯಿರಿ ಅಂತಲೂ ಡಾಕ್ಟರ್ ಹೇಳಿರುತ್ತಾರೆ. ಮಾತ್ರೆ ನೆನಪಿರುತ್ತದೆ, ನಡೆಯುವುದು ಮರೆತುಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಬಹಳ ಸರಳ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ. ಅಂದರೆ ದಿನಕ್ಕೆ ಅರ್ಧ ತಾಸಿನಂತೆ ವಾರದಲ್ಲಿ ಐದು ದಿನ ಜೋರು ನಡಿಗೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಇದೇ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ಇಷ್ಟು ಆಟ ಸಿಗುತ್ತಿಲ್ಲ. ಹುಡುಗರಲ್ಲಿ ನೂರಕ್ಕೆ 78. ಎರಡೂ ಕಡೆ ಕೆಟ್ಟದ್ದೇ. ಆದರೆ ಹುಡುಗಿಯರದು ಇನ್ನೂ ಕೆಟ್ಟದ್ದು. ಆ 85ರಲ್ಲಿ ನಮ್ಮ ಮಗಳೂ ಒಬ್ಬಳು ಅಂತ ಲೆಕ್ಕ ಹಾಕಿದಾಗ ಅಂಕಿ ಬರೀ ಅಂಕಿಯಾಗಿ ಉಳಿಯಲಿಲ್ಲ.

ಕೊನೆಯ ಕಾರಣ ರೊಟ್ಟಿ. ಸಂಜೆ ಐದರಿಂದ ಏಳು ಆಟದ ಹೊತ್ತು. ನಮ್ಮ ಮನೆಯಲ್ಲಿ ಅದೇ ಹೊತ್ತಿಗೆ ಮಗ ಹೊರಗೆ, ಮಗಳು ಒಳಗೆ. ಅವಳು ರೊಟ್ಟಿ ಬಡಿಯುವುದು ಕಲಿಯಲಿ ಅಂತ ನಮಗೆ ಆಸೆ, ಅದರಲ್ಲಿ ತಪ್ಪಿಲ್ಲ. ಜೋಳದ ರೊಟ್ಟಿ ಬಡಿಯುವುದು ನಮ್ಮ ಸೀಮೆಯ ಕಲೆ. ಆದರೆ ಆ ಕಲೆ ಮಗನಿಗೆ ಯಾಕೆ ಬೇಡ?

ಕೇಂದ್ರ ಸರಕಾರ 2019ರಲ್ಲಿ ಸಮಯದ ಬಳಕೆ ಬಗ್ಗೆ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಐದು ತಾಸು ಒಂದು ಕಡೆ, ಒಂದೂವರೆ ತಾಸು ಇನ್ನೊಂದು ಕಡೆ. ನಮ್ಮ ಮನೆಯಲ್ಲಿ ಒಂದು ವಾರ ನಾವೇ ಲೆಕ್ಕ ಬರೆದೆವು. ಗಂಡನ ಪಾಲಿಗೆ 97 ನಿಮಿಷವೂ ಬರಲಿಲ್ಲ. ಬರೆದಿಟ್ಟ ಹಾಳೆ ಅಡಿಗೆಮನೆಯ ಗೋಡೆಯ ಮೇಲೆ ಇನ್ನೂ ಇದೆ.

"ಮನೆಗೆಲಸ ಮಾಡಿದ್ರ ಅದೇ ವ್ಯಾಯಾಮ ಅಲ್ಲೇನು?" ಅಂತ ಕೆಲವರು ಕೇಳುತ್ತಾರೆ. ಸ್ವಲ್ಪ ಹೌದು. ಕೊಡ ಹೊರುವುದು, ಬಟ್ಟೆ ಒಗೆಯುವುದು ಸಣ್ಣ ಶ್ರಮವಲ್ಲ. ಆದರೆ ಒಲೆಯ ಮುಂದೆ ಬಗ್ಗಿ ಕೂತ ಬೆನ್ನಿನ ನೋವು ಆಟವಾಡಿ ಬಂದ ದಣಿವಿಗೆ ಸಮವಲ್ಲ. ಆಟದಲ್ಲಿ ಗೆಳತಿಯರಿರುತ್ತಾರೆ, ನಗು ಇರುತ್ತದೆ, ಸೋಲು ಗೆಲುವು ಇರುತ್ತದೆ. ಒಲೆಯ ಮುಂದೆ ಇವು ಯಾವುದೂ ಇಲ್ಲ. ಆಯಿಗೆ ಅರವತ್ತೈದು ವರ್ಷ. ಜೀವಮಾನವೆಲ್ಲ ಮೈ ಮುರಿದು ದುಡಿದಿದ್ದಾರೆ, ಒಂದು ದಿನ ಆಟ ಆಡಿದ್ದು ನೆನಪಿಲ್ಲ ಅನ್ನುತ್ತಾರೆ. ಅವರ ಮೊಣಕಾಲು ಈಗ ಮಡಚುವುದಿಲ್ಲ.

ಮದುವೆ, ಮಕ್ಕಳು ಆದ ಮೇಲೆ ಹೆಣ್ಣಿನ ದೇಹದ ಕಥೆ ಮುಗಿಯಿತು ಅಂತ ನಂಬಿದವರು ಮೇರಿ ಕೋಮ್ ಅವರನ್ನು ನೆನಪಿಸಿಕೊಳ್ಳಬೇಕು. ಮಣಿಪುರದ ಹಳ್ಳಿಯ ಬಡ ಕ್ರೈಸ್ತ ಕುಟುಂಬದ ಮಗಳು. 2007ರಲ್ಲಿ ಅವಳಿ ಮಕ್ಕಳ ತಾಯಿಯಾದರು. 2008ರಲ್ಲಿ ಮತ್ತೆ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. 2018ರಲ್ಲಿ ದೆಹಲಿಯಲ್ಲಿ ಆರನೇ ಬಾರಿ ವಿಶ್ವ ಚಿನ್ನ. ಎಲ್ಲರೂ ಮೇರಿ ಕೋಮ್ ಆಗಬೇಕಿಲ್ಲ, ಆಗುವುದೂ ಇಲ್ಲ. ಆದರೆ ಮಗಳು ದೊಡ್ಡವಳಾದಳು ಅಂತ ಬೂಟು ಟ್ರಂಕಿಗೆ ಹಾಕುವ ಮೊದಲು ಒಮ್ಮೆ ಈ ಹೆಸರು ನೆನಪಾಗಲಿ.

ಇಷ್ಟೆಲ್ಲ ಗೊತ್ತಾದ ಮೇಲೆ ನಾವು ಏನು ಮಾಡಿದೆವು? ದೊಡ್ಡದೇನೂ ಇಲ್ಲ.

ಮೊದಲು ಮಗಳ ಹತ್ತಿರ ತಪ್ಪಾಯಿತು ಅಂದೆವು. ನಮ್ಮ ಕಡೆ ತಂದೆ ತಾಯಿ ಮಕ್ಕಳಿಗೆ ಹೀಗೆ ಹೇಳುವ ರೂಢಿ ಇಲ್ಲ. ದಿನಾ ರಾತ್ರಿ ಪ್ರಾರ್ಥನೆಯಲ್ಲಿ ದೇವರ ಹತ್ತಿರ ಕ್ಷಮೆ ಕೇಳುವವರಿಗೆ ಮಗಳ ಹತ್ತಿರ ಕೇಳಲು ಬಾಯಿ ಬರಲು ನಾಲ್ಕು ದಿನ ಹಿಡಿಯಿತು.

ಆಮೇಲೆ ಬೂಟು ಕೊಡಿಸಲು ಹೋದೆವು. ಅಂಗಡಿಯಲ್ಲಿ ಅವಳು ಹೇಳಿದಳು, ಓಟ ಬೇಡ, ವಾಲಿಬಾಲ್ ಬೇಕು. ಯಾಕೆ ಅಂದರೆ, "ಓಟ ಒಬ್ಬಾಕಿನೇ ಓಡಬೇಕು. ವಾಲಿಬಾಲ್‌ದಾಗ ಮಂದಿ ಇರ್ತಾರ." ನಮಗೆ ಒಂದು ಕ್ಷಣ ಬೇಜಾರಾಯಿತು. ಪ್ರಮಾಣಪತ್ರ ಓಟದ್ದು, ನಮ್ಮ ಕನಸೂ ಓಟದ್ದೇ ಆಗಿತ್ತು. ಆದರೆ ಕನಸು ನಮ್ಮದು, ಕಾಲು ಅವಳದು.

ವಾಲಿಬಾಲ್ ಅಂದ ಕೂಡಲೇ ಮುತ್ಯಾ ಗೊಣಗಿದರು. "ಅದು ಗಂಡ್ಮಕ್ಕಳ ಆಟ. ಸಭಿಗೆ ಹೋಗೂ ಮಂದಿ ಮಕ್ಳು ಇವೆಲ್ಲ ಆಡ್ತಾರೇನು?" ಅವರಿಗೆ ಮಗಳೇ ಫೋನಿನಲ್ಲಿ ಓದಿ ಹೇಳಿದಳು. ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ. ವೈ.ಎಂ.ಸಿ.ಎ. ಅಂದರೆ ಕ್ರೈಸ್ತ ಯುವಕರ ಸಂಘ, 1844ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಅಲ್ಲಿ ವ್ಯಾಯಾಮ ಕಲಿಸುತ್ತಿದ್ದ ವಿಲಿಯಂ ಮಾರ್ಗನ್ ಎಂಬಾತ, ಬಾಸ್ಕೆಟ್‌ಬಾಲ್ ಆಡಲು ದಮ್ಮು ಸಾಲದ ನಡುವಯಸ್ಸಿನವರಿಗಾಗಿ ಈ ಆಟ ಮಾಡಿದ. ಬಾಸ್ಕೆಟ್‌ಬಾಲ್ ಕೂಡ 1891ರಲ್ಲಿ ಇದೇ ಸಂಘದ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮಾಸ್ತರ ಕೈಯಲ್ಲಿ ಹುಟ್ಟಿದ್ದು. ನಮ್ಮ ದೇಶದಲ್ಲಿ ಪಿ.ಟಿ. ಮಾಸ್ತರರನ್ನು ತಯಾರು ಮಾಡುವ ಕಾಲೇಜನ್ನು 1920ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದವರೂ ವೈ.ಎಂ.ಸಿ.ಎ.ಯವರೇ.

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನಡುವಯಸ್ಸಿನವರಿಗಂತ ಮಾಡಿದ್ದಾ? ಹಂಗಾದ್ರ ನಾವು ಭೀ ಆಡಬಹುದಲ್ಲ?" ಅವತ್ತಿನಿಂದ ಅವರು ಸಂಜೆ ಎದ್ದು ನಡೆಯಲು ಹೋಗುತ್ತಾರೆ. ಬಾಳೆ ತೋಟದ ತನಕ ಹೋಗಿ ವಾಪಸ್. ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತಿರಬೇಕು, ಭೌಗೋಳಿಕ ಗುರುತು ಸಿಕ್ಕಿರುವ ಹಣ್ಣು. ಸಾಮಾನ್ಯ ಬಾಳೆಗಿಂತ ಗೊನೆ ಬರಲು ಹೆಚ್ಚು ತಿಂಗಳು ಕಾಯಬೇಕು. ಸಕ್ಕರೆ ಇರುವುದರಿಂದ ಮುತ್ಯಾ ಈಗ ಅದನ್ನು ಮನಸ್ಸು ಬಂದಷ್ಟು ತಿನ್ನುವುದಿಲ್ಲ, ನೋಡಿಕೊಂಡು ಬರುತ್ತಾರೆ.

ಮನೆಯಲ್ಲಿ ಶನಿವಾರ ಸಂಜೆಯ ರೊಟ್ಟಿ ಈಗ ಗಂಡಸರ ಪಾಲು. ಮೊದಲ ಶನಿವಾರ ಮಾಡಿದ ರೊಟ್ಟಿ ಯಾವ ಆಕಾರಕ್ಕೂ ಸೇರಿರಲಿಲ್ಲ. ಆಯಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಮಗ ಈಗ ಹಿಟ್ಟು ನಾದುತ್ತಾನೆ. ಆ ಎರಡು ತಾಸು ಅವ್ವ ಮಗಳು ಹೊರಗೆ ಚೆಂಡು ಹಿಡಿದು ಆಡುತ್ತಾರೆ. ಅವ್ವನಿಗೆ ಚೆಂಡು ಇನ್ನೂ ಸರಿಯಾಗಿ ಎತ್ತಲು ಬರುವುದಿಲ್ಲ. ಮಗಳು ಬೈಯುತ್ತಾಳೆ. ಬೈಸಿಕೊಳ್ಳುವುದು ಚೆನ್ನಾಗಿದೆ.

ನಗರದಲ್ಲಿ ಶಾಲೆಯ ಮಾಸ್ತರನ್ನು ಭೇಟಿಯಾಗಿ ಮಾತಾಡಿದೆವು. ಊರಿಗೆ ಹೋಗದ ಭಾನುವಾರ ಅವಳು ಆರು ಗಂಟೆಗೆ ಅಭ್ಯಾಸಕ್ಕೆ ಹೋಗಿ, ಮನೆಗೆ ಬಂದು ಸ್ನಾನ ಮಾಡಿ ಸಭೆಗೆ ಬರುತ್ತಾಳೆ. ಪ್ರಸಂಗದ ನಡುವೆ ಒಮ್ಮೊಮ್ಮೆ ತೂಕಡಿಸುತ್ತಾಳೆ. ನಾವು ಎಬ್ಬಿಸುವುದಿಲ್ಲ. ಆಡದೆ ಬಂದ ದೊಡ್ಡವರೂ ಅಲ್ಲಿ ತೂಕಡಿಸುವುದನ್ನು ಕಂಡಿದ್ದೇವೆ.

ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. "ಹತ್ತನೇ ಕ್ಲಾಸ್ ಬಂತು, ಮಾರ್ಕ್ಸ್ ಕಡಿಮೆ ಬಂದ್ರ?" ಅಂತ ಕೇಳುವವರಿದ್ದಾರೆ. ಆ ಹೆದರಿಕೆ ನಮಗೂ ಇದೆ. ಆದರೆ ಆಟ ಬಿಟ್ಟ ಎರಡು ವರ್ಷದಲ್ಲಿ ಆ ಹೊತ್ತು ಪುಸ್ತಕಕ್ಕೆ ಹೋಗಿರಲಿಲ್ಲ, ಫೋನಿಗೆ ಹೋಗಿತ್ತು. "ಹೊರಗ ಕಳಿಸಿದ್ರ ಕಾಲ ಸರಿ ಇಲ್ಲ" ಅನ್ನುವವರೂ ಇದ್ದಾರೆ. ಇದು ಸುಳ್ಳು ಹೆದರಿಕೆ ಅಂತ ನಾವು ಹೇಳುವುದಿಲ್ಲ. ಆದರೆ ಕಾಲ ಸರಿ ಇಲ್ಲದಿದ್ದರೆ ನಾವು ಜೊತೆಗೆ ಹೋಗಿ ಕೂರಬಹುದು. ಹುಡುಗಿಯರನ್ನೆಲ್ಲ ಒಳಗೆ ಇಟ್ಟು ಮೈದಾನವನ್ನು ಬಿಟ್ಟುಕೊಟ್ಟರೆ ಆ ಜಾಗ ಇನ್ನೂ ಕೆಡುತ್ತದೆಯೇ ಹೊರತು ಸರಿಯಾಗುವುದಿಲ್ಲ.

ಕಲಬುರಗಿಯಲ್ಲಿ ಜಾಗದ ತೊಂದರೆ ಕಡಿಮೆ. ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇದೆ, ಅಪ್ಪನ ಕೆರೆಯ ಸುತ್ತ ನಡೆಯುವ ಹೆಂಗಸರು ಬೆಳಿಗ್ಗೆ ಸಂಜೆ ಕಾಣುತ್ತಾರೆ. ಊರಲ್ಲೇ ಕಷ್ಟ. ನಮ್ಮ ಸೀಮೆಯ ಬಹಳ ಹಳ್ಳಿಗಳಲ್ಲಿ ಸಂಜೆ ಎರಡು ಕಂಬ ನೆಟ್ಟು, ನೆಟ್ ಕಟ್ಟಿ ಹುಡುಗರು ವಾಲಿಬಾಲ್ ಆಡುತ್ತಾರೆ. ಬಹಳ ಚೆನ್ನಾಗಿ ಆಡುತ್ತಾರೆ. ಅದೇ ಜಾಗದಲ್ಲಿ ಹುಡುಗಿಯರು ಆಡಿದ್ದನ್ನು ನಾವು ಕಂಡಿಲ್ಲ. ಅವರನ್ನು ಯಾರೂ ಓಡಿಸಿಲ್ಲ. ನಮ್ಮ ಮಗಳು ಹೇಳಿದ್ದೇ ಮಾತು: ಬೇಡ ಅಂದವರೂ ಇಲ್ಲ, ಬಾ ಅಂದವರೂ ಇಲ್ಲ.

ಆದ್ದರಿಂದ ಇದನ್ನು ಓದುವ ಹಳ್ಳಿಯ ತಮ್ಮಂದಿರಿಗೆ ಒಂದು ಮಾತು ಕೇಳಬೇಕು. ಗಂಡಸರ ವಾಲಿಬಾಲ್ ನೆಟ್ಟಿನ ಎತ್ತರ 2.43 ಮೀಟರ್. ಹೆಂಗಸರದು 2.24 ಮೀಟರ್. ನಡುವೆ 19 ಸೆಂಟಿಮೀಟರ್ ವ್ಯತ್ಯಾಸ, ಒಂದು ಗೇಣಿಗಿಂತಲೂ ಕಡಿಮೆ. ವಾರದಲ್ಲಿ ಎರಡು ಸಂಜೆ, ಒಂದು ತಾಸು, ನೆಟ್ಟನ್ನು ಇಷ್ಟು ಕೆಳಗೆ ಇಳಿಸಿ ಕಟ್ಟಿ. ನಿಮ್ಮ ತಂಗಿಯರನ್ನು ಕರೆಯಿರಿ. ಅವರ ಅವ್ವಂದಿರು ಬಂದು ಕಟ್ಟೆಯ ಮೇಲೆ ಕೂರಲಿ, ಬೇಕಾದರೆ ಅವರೂ ಆಡಲಿ. ಸಭೆಯ ಅಂಗಳ ಇರುವ ಊರಿನಲ್ಲಿ ಪಾಸ್ಟರ್ ಹತ್ತಿರ ಕೇಳಿ, ಶಾಲೆಯ ಮೈದಾನ ಇರುವ ಊರಿನಲ್ಲಿ ಹೆಡ್ ಮಾಸ್ತರ ಹತ್ತಿರ ಕೇಳಿ. ನಮ್ಮ ಊರಿನಲ್ಲಿ ನಾವು ಕೇಳಿದ್ದೇವೆ. "ನೋಡೋಣ" ಅಂದಿದ್ದಾರೆ. ಮುಂದಿನ ಶನಿವಾರ ಮತ್ತೆ ಕೇಳುತ್ತೇವೆ.

ತಂದೆ ತಾಯಿಗಳಿಗೆ ಕೇಳುವುದು ಇನ್ನೂ ಸಣ್ಣದು. ಇವತ್ತು ಸಂಜೆ ನಿಮ್ಮ ಮಗಳ ಚಪ್ಪಲಿ ಬಿಡುವ ಜಾಗ ನೋಡಿ. ಅಲ್ಲಿ ಓಡಲು, ಆಡಲು ಬರುವ ಒಂದು ಜೊತೆ ಬೂಟು ಇದೆಯಾ? ಅದು ಅವಳ ಕಾಲಿಗೆ ಈಗಲೂ ಸರಿಯಾಗುತ್ತದೆಯಾ? ನಮ್ಮ ಮನೆಯಲ್ಲಿ ಇದನ್ನು ನೋಡಲು ನಮಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅವಳಿಗೆ ವಾಪಸ್ ಕೊಡಲು ನಮಗೆ ಆಗುವುದಿಲ್ಲ.

ಪ್ರಮಾಣಪತ್ರವನ್ನು ಟ್ರಂಕಿಗೆ ಮತ್ತೆ ಹಾಕಿಲ್ಲ. ಕಮಲಾಪುರದ ಮನೆಯ ಗೋಡೆಗೆ ಮಗನೇ ಮೊಳೆ ಹೊಡೆದು ಹಾಕಿದ್ದಾನೆ. ಸ್ವಲ್ಪ ಸೊಟ್ಟ ಇದೆ, ಹಾಗೇ ಬಿಟ್ಟಿದ್ದೇವೆ.